ಏಳನೇ ಲೈನಿನವಳ ದ್ವೀಪ

ಅಂಗಡಿಯ ಬಾಗಿಲನ್ನು ಕೊನೆಯ ಸಲ ಎಳೆದು ಬೀಗ ಹಾಕಿದ ಮೇಲೆ ಟೈಲರ್ ಮಾಸ್ಟರಿಗೆ ಹೊತ್ತು ಹೋಗುವುದೇ ಕಷ್ಟವಾಯಿತು. ಮನೆಯ ಕಿಟಕಿ ಪರದೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು. ಚೆನ್ನಾಗಿಯೇ ಇದ್ದ ದಿಂಬಿನ ಚೀಲಗಳ ಅಂಚು ತೆಗೆದು ಹೊಸದಾಗಿ ಮಡಿಚಿದರು. ಅದೇ ಊರಲ್ಲಿ ಹಲ್ಲಿನ ಡಾಕ್ಟರಾಗಿದ್ದ ಮಗಳು ಒಂದು ಭಾನುವಾರ ಮನೆಗೆ ಬಂದವಳು, ಅಪ್ಪ ತನ್ನ ಕೈಚೀಲದ ಹೊಲಿಗೆಯನ್ನೇ ದಿಟ್ಟಿಸುತ್ತಿರುವುದನ್ನು ಕಂಡು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಅಪ್ಪ, ಇದನ್ನ ಮಾತ್ರ ಮುಟ್ಟಬೇಡಿ. ನೀವಿಬ್ರೂ ಎಲ್ಲಾದ್ರೂ ದೂರ ಹೋಗಿ ಬನ್ನಿ" ಎಂದಳು.

ಅವಳ ಪ್ರಕಾರ ದೂರ ಎಂದರೆ ವಿಮಾನ ಹತ್ತಿ ಹೋಗುವಷ್ಟು ದೂರ. ಮುಂದಿನ ಸಲ ಬಂದಾಗ ಪ್ರವಾಸದ ಕಂಪನಿಯ ಬಣ್ಣಬಣ್ಣದ ಹಾಳೆಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದಳು. ಮಾಸ್ಟರು, ಎಲ್ಲಿಗಾದರೂ ಸರಿ, ಮೆಟ್ಟಿಲು ಕಡಿಮೆ ಇದ್ದರೆ ಸಾಕು ಎಂದರು. ಹೆಂಡತಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುವಿದಳು. ಹಿಮದ ಬೆಟ್ಟ, ಹಳೆಯ ಕೋಟೆ, ದೊಡ್ಡ ಚಕ್ರದ ಆಟ, ಯಾವುದೂ ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ ಬೆರಳಿಟ್ಟು, "ಇದು" ಎಂದಳು. ಹೋಗುವಾಗ ಒಂದು ಬಂದರು ನಗರ, ಬರುವಾಗ ಒಂದು ದೊಡ್ಡ ರಾಜಧಾನಿ, ನಡುವೆ ಒಂದಷ್ಟು ದ್ವೀಪಗಳು. ಕೆರೆಯಲ್ಲಿ ದೋಣಿ ಹತ್ತಿದರೂ ಹೊಟ್ಟೆ ತೊಳಸುತ್ತದೆ ಎನ್ನುವವಳು ದ್ವೀಪಗಳನ್ನು ಆರಿಸಿದ್ದು ಮಾಸ್ಟರಿಗೆ ಸೋಜಿಗವೆನಿಸಿತು. ಆದರೂ ಕೇಳಲಿಲ್ಲ. ಹೆಂಡತಿ ಒಂದು ಮಾತು ಗಟ್ಟಿಯಾಗಿ ಹೇಳಿದಳೆಂದರೆ ಅದರ ಹಿಂದೆ ಏನೋ ಇರುತ್ತದೆ, ತಾನಾಗಿ ಹೊರಬರುವವರೆಗೆ ಕಾಯಬೇಕು ಎಂಬುದು ಅವರಿಗೆ ಗೊತ್ತಿತ್ತು.

ಬಂದರು ನಗರದಲ್ಲಿ ಇಳಿದ ಮರುದಿನವೇ ಅದು ಹೊರಬಂತು. ತಂಡದವರೆಲ್ಲ ಕೈಯಲ್ಲಿ ಕೆಂಪು ಕೊಡೆ ಹಿಡಿದ ಗೈಡಮ್ಮನ ಹಿಂದೆ ವಸ್ತುಸಂಗ್ರಹಾಲಯಕ್ಕೆ ಹೊರಟಿದ್ದರು. ಹೆಂಡತಿ ಗೈಡಮ್ಮನ ಪಕ್ಕಕ್ಕೆ ಹೋಗಿ ಮೆಲ್ಲಗೆ ಏನೋ ಹೇಳಿದಳು, ಆಕೆ ನಕ್ಕು ತಲೆಯಾಡಿಸಿದಳು. ಹೆಂಡತಿ ವಾಪಸು ಬಂದು ಗಂಡನ ತೋಳು ಹಿಡಿದಳು.

"ಬನ್ನಿ. ನಾವು ಬೇರೆ ಕಡೆ ಹೋಗೋಣ."

"ಎಲ್ಲಿಗೆ? ಬಟ್ಟೆ ಅಂಗಡಿಗಾ?"

"ಹೌದು, ಬಟ್ಟೆ ಅಂಗಡಿಗೇ" ಎಂದಳು. ನಿಜವೇ ಆಗಿತ್ತು.

ಕಲ್ಲು ಹಾಸಿದ ಇಳಿಜಾರಿನ ಬೀದಿಯ ಕೊನೆಯಲ್ಲಿ ಎತ್ತರದ ಕಿಟಕಿಗಳ ಹಳೆಯ ಕಟ್ಟಡವೊಂದಿತ್ತು. ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳು ಕೋಟು ತೊಟ್ಟು ನಿಂತಿದ್ದವು. ಹೆಂಡತಿ ಬೊಂಬೆಗಳತ್ತ ತಿರುಗಿಯೂ ನೋಡದೆ ಸೀದಾ ಮೇಲಿನ ಮಹಡಿ ಹತ್ತಿದಳು. ಉದ್ದನೆಯ ಹಾಲ್, ಮೇಲೆ ಸಾಲು ದೀಪ, ಗೋಡೆಗುಂಟ ಬಟ್ಟೆ ತೊಟ್ಟು ನೋಡುವ ಪುಟ್ಟ ಪುಟ್ಟ ಕೋಣೆಗಳು. ಅವಳು ನಡುವೆ ನಿಂತು ಸುತ್ತ ನೋಡಿದಳು.

"ಇಲ್ಲೇ ರೀ. ಇದೇ ಹಾಲ್. ಇಲ್ಲೇ ಕೂತಿರ್ತಿದ್ಲು."

ಯಾರು ಎಂದು ಮಾಸ್ಟರು ಕೇಳಬೇಕಾಗಿರಲಿಲ್ಲ.

ಮದುವೆಯಾದಾಗ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ದೊಡ್ಡ ಬೋರ್ಡು. ಒಂದು ತೂತಿನ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಎಲ್ಲಿಯವರೋ ಎಲ್ಲಿಯವರಿಗೋ ಸಿಗುತ್ತಿದ್ದರು. ಬೀದಿಯವರೆಲ್ಲ ಅವಳನ್ನು ಟ್ರಂಕ್‌ಕಾಲಮ್ಮ ಎಂದು ಕರೆಯುತ್ತಿದ್ದರು. ಕೆಲವು ವರ್ಷಗಳಲ್ಲಿ ಅವಳಿಗೆ ಸಮುದ್ರದಾಚೆಯ ಲೈನುಗಳು ಸಿಕ್ಕವು. ಏಳನೇ ಲೈನಿನ ಆ ತುದಿಯಲ್ಲಿ, ಈಗ ಬಟ್ಟೆ ಅಂಗಡಿಯಾಗಿರುವ ಈ ಕಟ್ಟಡದಲ್ಲೇ ಇದ್ದ ಬಂದರು ನಗರದ ಎಕ್ಸ್‌ಚೇಂಜಿನಲ್ಲಿ, ಅವಳಷ್ಟೇ ವಯಸ್ಸಿನ ಇನ್ನೊಬ್ಬ ಆಪರೇಟರಿದ್ದಳು. ಕರೆಗಳಿಲ್ಲದ ಹೊತ್ತಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಇಬ್ಬರ ತಾಯಿನುಡಿಯೂ ಬೇರೆ. ಕೆಲಸಕ್ಕೆಂದು ಕಲಿತ ಮೂರನೆಯ ಭಾಷೆಯೊಂದು ಇಬ್ಬರಿಗೂ ಅರ್ಧಂಬರ್ಧ ಬರುತ್ತಿತ್ತು. ಅದರಲ್ಲೇ ಅಡುಗೆ, ಅತ್ತೆ, ಮೇಲಧಿಕಾರಿ, ಮೊಣಕಾಲು ನೋವು ಎಲ್ಲ ನಡೆಯುತ್ತಿತ್ತು. ಮನೆಯಲ್ಲಿ ಆಕೆಗೆ ಏಳನೇ ಲೈನು ಎಂಬುದೇ ಹೆಸರಾಯಿತು. ಏಳನೇ ಲೈನು ಕೂದಲು ಕತ್ತರಿಸಿಕೊಂಡಿದ್ದಾಳಂತೆ, ಏಳನೇ ಲೈನಿನ ಬೆಕ್ಕು ಮರಿ ಹಾಕಿತಂತೆ, ಏಳನೇ ಲೈನು ಮದುವೆಗೆ ಒಪ್ಪಿದಳಂತೆ.

ಆ ಕಾಲದಲ್ಲಿ ಮಾಸ್ಟರಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚಿತ್ತು. ಅವರು ಬೆಳಗ್ಗೆ ಅಂಗಡಿ ತೆರೆಯಲು ಹೊರಟರೆ ಅವಳು ಪಾಳಿ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಅವರು ರಾತ್ರಿ ಬಂದರೆ ಅವಳು ಹೊರಡುತ್ತಿದ್ದಳು. ಇಬ್ಬರಿಗೂ ಒಟ್ಟಿಗೆ ಸಿಗುತ್ತಿದ್ದುದು ಒಂದು ಲೋಟ ಕಾಫಿಯ ಹೊತ್ತು ಮಾತ್ರ. ನಗುವೆಲ್ಲ ಏಳನೇ ಲೈನಿಗೆ, ನನಗೆ ಬರೀ ಆಕಳಿಕೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದರು. ಅವಳು ಅದಕ್ಕೂ ನಕ್ಕಿದ್ದಳು. ಆಮೇಲೆ ನೇರವಾಗಿ ನಂಬರು ತಿರುಗಿಸಿ ಮಾತಾಡುವ ಕಾಲ ಬಂತು. ಬೋರ್ಡುಗಳನ್ನು ಕಿತ್ತು ಲಾರಿಗೆ ಹಾಕಿದರು. ಅವಳನ್ನು ಬಿಲ್ಲಿನ ವಿಭಾಗಕ್ಕೆ ಕಳಿಸಿದರು. ಏಳನೇ ಲೈನಿನ ಮಾತೂ ಅಲ್ಲಿಗೇ ನಿಂತಿತು.

"ಅವಳ ಸೀಟಿಂದ ಬಂದರು ಕಾಣತ್ತೆ ಅಂತಿದ್ಲು" ಎನ್ನುತ್ತ ಹೆಂಡತಿ ಕಿಟಕಿಗೆ ಹೋದಳು. ಕಂಡಿತು. ಸಾಲಾಗಿ ನಿಂತ ಕ್ರೇನುಗಳು, ಅವುಗಳ ನಡುವೆ ತಗಡಿನ ಚೂರಿನಂತೆ ಹೊಳೆಯುವ ನೀರು. ಅವಳು ಬಹಳ ಹೊತ್ತು ಅಲ್ಲೇ ನಿಂತಳು. ಮಾಸ್ಟರು ಅಷ್ಟರಲ್ಲಿ ತೂಗುಹಾಕಿದ್ದ ಕೋಟೊಂದರ ಒಳಮಗ್ಗುಲನ್ನು ಮಗುಚಿ ಹೊಲಿಗೆ ನೋಡತೊಡಗಿದ್ದರು. ಅಂಗಡಿಯ ಹುಡುಗಿ ಗಾಬರಿಯಿಂದ ಓಡಿಬಂದಳು. ಹೆಂಡತಿ ತಿರುಗಿ, "ಬಿಡ್ರೀ ಅದನ್ನ, ಕದಿಯೋಕೆ ಬಂದವರು ಅಂದ್ಕೋತಾರೆ" ಎಂದು ಅವರನ್ನು ಎಳೆದುಕೊಂಡು ಇಳಿದಳು.

ಬೀದಿಗೆ ಬಂದ ಮೇಲೆ ಉಳಿದದ್ದನ್ನೂ ಹೇಳಿದಳು. ಕೊನೆಯ ದಿನ ಏಳನೇ ಲೈನು, "ಕೆಲಸ ಮುಗಿದ ಮೇಲೆ ನಾನು ನಮ್ಮಮ್ಮನ ದ್ವೀಪಕ್ಕೆ ಹೋಗಿಬಿಡ್ತೀನಿ. ದೀಪಸ್ತಂಭದ ಹಿಂದಿನ ಮನೆ. ಬಾ" ಎಂದಿದ್ದಳಂತೆ. ಆ ದ್ವೀಪದ ಹೆಸರು ಮಗಳು ತಂದ ಹಾಳೆಯಲ್ಲಿತ್ತು.

"ಅಂದ್ರೆ ನಾನು ಬಂದಿರೋದು ನನ್ನ ಸವತಿ ನೋಡೋಕೆ" ಎಂದರು ಮಾಸ್ಟರು.

"ಇದ್ದರೆ" ಎಂದಳು ಹೆಂಡತಿ. "ನಮ್ಮ ವಯಸ್ಸಿಗೆ ಹಾಗೆ ಹೇಳ್ಕೊಂಡೇ ಹೋಗ್ಬೇಕು."

ದ್ವೀಪಗಳಲ್ಲಿ ಮೊದಲನೆಯದು ಬರೀ ಹೋಟೆಲುಗಳ ದ್ವೀಪ. ಎರಡನೆಯದರ ತುಂಬ ಬಿಳಿಯ ಮರಳು. ತಂಡದಲ್ಲಿದ್ದ ಬ್ಯಾಂಕಿನ ನಿವೃತ್ತ ಮ್ಯಾನೇಜರು ಪ್ಯಾಂಟು ಮಡಿಚಿ ಅಲ್ಲಿ ನಿಂತು ತಮ್ಮ ಹೆಂಡತಿಯಿಂದ ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ಟ್ರಂಕ್‌ಕಾಲಮ್ಮ ಎರಡೂ ಕಡೆ ನಿಂಬೆಹಣ್ಣು ಮೂಸುತ್ತ ನೆರಳಲ್ಲಿ ಕೂತಿದ್ದಳು. ಮೂರನೆಯ ದ್ವೀಪದಲ್ಲಿ ತಂಡದವರು ಗಾಜಿನ ತಳದ ದೋಣಿಯಲ್ಲಿ ಹವಳ ನೋಡಲು ಹೋದರು. ಗಂಡ ಹೆಂಡತಿ ಮಾತ್ರ ದಡದಲ್ಲೇ ಉಳಿದು, ಬಿಳಿಯ ದೀಪಸ್ತಂಭವನ್ನೇ ಗುರಿಯಾಗಿಟ್ಟುಕೊಂಡು ದಿಬ್ಬ ಹತ್ತಿದರು. ಮೆಟ್ಟಿಲುಗಳ ಬಗ್ಗೆ ಮಾಸ್ಟರು ಗೊಣಗಲಿಲ್ಲ. ಹೆಂಡತಿ ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ಸಿಹಿತಿಂಡಿಯ ಡಬ್ಬಿ ಇತ್ತು, ಮತ್ತು ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಮೊದಲ ಮಾತನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದಾಳೆ ಎಂದು ಅವರಿಗೆ ತಿಳಿಯಿತು.

ದೀಪಸ್ತಂಭದ ಹಿಂದೆ ಒಂದೇ ಒಂದು ಮನೆ. ಅಂಗಳದಲ್ಲಿ ಬಿಚ್ಚಿಹಾಕಿದ ದೋಣಿಯ ಎಂಜಿನ್ನು, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ ಬೋಳುತಲೆಯ ದಪ್ಪನೆಯ ಮನುಷ್ಯ. ಹೆಂಡತಿ ತನ್ನ ಹೆಸರು ಹೇಳುತ್ತಿದ್ದಂತೆ ಆತ ಸ್ಪ್ಯಾನರು ಕೆಳಗಿಟ್ಟು, ಒಳಗೆ ನೋಡಿ ಜೋರಾಗಿ ಕೂಗಿದ. ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು.

ಇಷ್ಟು ವರ್ಷ ಏಳನೇ ಲೈನು ಮಾಸ್ಟರ ಮನಸ್ಸಿನಲ್ಲಿ ಎತ್ತರದ, ಉದ್ದ ಕತ್ತಿನ, ಕೋಟು ಚೆನ್ನಾಗಿ ಒಪ್ಪುವ ಹೆಂಗಸಾಗಿದ್ದಳು. ಈಕೆ ಗಿಡ್ಡ. ಎರಡು ಮೀಟರು ಬಟ್ಟೆಯಲ್ಲಿ ಇಡೀ ಉಡುಪು ಮುಗಿದು ಹೋಗುತ್ತದೆ ಎಂದು ಅವರ ಕಣ್ಣು ಲೆಕ್ಕ ಹಾಕಿತು. ಇಬ್ಬರು ಹೆಂಗಸರೂ ಅಪ್ಪಿಕೊಂಡರು, ಅತ್ತರು, ಕಣ್ಣೊರೆಸಿಕೊಂಡರು, ಒಳಗೆ ಹೋಗಿ ಎದುರುಬದುರು ಕುರ್ಚಿಗಳಲ್ಲಿ ಕೂತರು.

ಆಮೇಲೆ ಮಾತೇ ಹೊರಡಲಿಲ್ಲ.

ಪ್ರಯಾಣ ಹೇಗಿತ್ತು ಎಂದು ಆಕೆ ಕೇಳಿದಳು. ಚೆನ್ನಾಗಿತ್ತು ಎಂದಳು ಇವಳು. ಬಿಸಿಲು ಜಾಸ್ತಿಯೇ ಎಂದು ಇವಳು ಕೇಳಿದಳು. ಈಗ ಪರವಾಗಿಲ್ಲ ಎಂದಳು ಆಕೆ. ಮಕ್ಕಳ ಫೋಟೋಗಳು ಬಂದವು, ಹೋದವು. ಸಿಹಿತಿಂಡಿಯ ಡಬ್ಬಿ ತೆರೆದು ಎಲ್ಲರೂ ಒಂದೊಂದು ತುಂಡು ತಿಂದು ತುಂಬಾ ಚೆನ್ನಾಗಿದೆ ಎಂದರು. ಹೆಂಡತಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಆಕೆಯ ಮುಖವನ್ನು ನೋಡುವುದು, ತಕ್ಷಣ ಕಿಟಕಿಯತ್ತ ನೋಡುವುದು. ಹೆಣ್ಣು ನೋಡಲು ಬಂದ ಮನೆಯಲ್ಲೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ ಎಂದುಕೊಂಡರು ಮಾಸ್ಟರು. ಹೊಟ್ಟೆಕಿಚ್ಚೆಲ್ಲ ಎಲ್ಲೋ ಹೋಗಿ, ಹೆಂಡತಿಯ ಬಗ್ಗೆ ಪಾಪ ಅನ್ನಿಸಿತು. ಇಷ್ಟು ದೂರ, ನಿಂಬೆಹಣ್ಣು ಮೂಸಿಕೊಂಡು ಬಂದದ್ದು ಇದಕ್ಕಾಗಿಯೇ?

ಆಕೆ ಕಾಫಿ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದಾಯಿತು. ಗೋಡೆಯ ಆ ಬದಿಯಿಂದ ದನಿ ಬಂತು.

"ನಿಂಗೆ ಹಾಲು ಹಾಕ್ಲಾ?"

ಹೆಂಡತಿಯ ತಲೆ ಒಂದು ಬದಿಗೆ ವಾಲಿತು. ಬೆನ್ನು ನೆಟ್ಟಗಾಯಿತು. ಮಾಸ್ಟರು ಆ ಭಂಗಿಯನ್ನು ಮರೆತೇಬಿಟ್ಟಿದ್ದರು. ಹೊಸದಾಗಿ ಮದುವೆಯಾದಾಗ ಒಮ್ಮೆ ಊಟದ ಡಬ್ಬಿ ಕೊಡಲು ಎಕ್ಸ್‌ಚೇಂಜಿಗೆ ಹೋಗಿ, ಬಾಗಿಲ ಗಾಜಿನಿಂದ ಅವಳು ಹೀಗೆ ಕೂತಿದ್ದನ್ನು ನೋಡಿದ್ದರು.

"ಹಾಲು ಯಾಕೆ? ಕಪ್ಪು ಕಾಫಿ ಕುಡಿಯೋದು ಕಲಿಸಿದ್ದೇ ನೀನು" ಎಂದಳು ಹೆಂಡತಿ. ದನಿ ಬದಲಾಗಿತ್ತು. ಹರಿತವಾಗಿ, ಹಗುರವಾಗಿ, ವಯಸ್ಸೇ ಇಲ್ಲದಂತೆ. "ನಿದ್ದೆ ಬರತ್ತೆ ಅಂದಾಗೆಲ್ಲ ಕಪ್ಪು ಕಾಫಿ ಕುಡಿ ಕಪ್ಪು ಕಾಫಿ ಕುಡಿ ಅಂತ ತಲೆ ತಿಂತಿದ್ದೆ."

"ನಿನ್ನ ಸೂಪರ್‌ವೈಸರು? ಆ ಬೂಟಿನ ಸದ್ದಿನವನು?"

"ಬದುಕಿದ್ದಾನೆ ಮಾರಾಯ್ತಿ. ಕಿವಿ ಕೇಳಲ್ಲ. ಆದರೂ ಮೊನ್ನೆ ಸಿಕ್ಕಿದಾಗ ನನ್ನ ಬಯ್ದ."

ಗೋಡೆಯ ಹಿಂದೆ ನಗು ಭುಗಿಲ್ಲೆಂದಿತು. ಅಲ್ಲಿಂದ ಮಾತು ಕಟ್ಟೆಯೊಡೆದು ಹರಿಯಿತು. ಆದರೆ ಆಕೆ ತಟ್ಟೆ ಹಿಡಿದು ಹೊರಗೆ ಬಂದು ಕೂತದ್ದೇ ತಡ, ಇಬ್ಬರೂ ಮತ್ತೆ ಗಪ್‌ಚಿಪ್. ಒಬ್ಬರನ್ನೊಬ್ಬರು ನೋಡಿಕೊಂಡು ಪೆಚ್ಚಾಗಿ ನಕ್ಕರು. ಎಂಜಿನ್ನಿನವನು ಇದನ್ನೆಲ್ಲ ನೋಡುತ್ತಿದ್ದವನು ಎದ್ದು, ತಟ್ಟೆಯನ್ನು ತಾನೇ ತೆಗೆದುಕೊಂಡು, ತನ್ನ ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಅಡುಗೆಮನೆಯೊಳಕ್ಕೆ ತಳ್ಳಿದ. ಅವಳ ಲೋಟವನ್ನೂ ಒಳಗೆ ಕೊಟ್ಟು, ಬಾಗಿಲನ್ನು ಅರ್ಧ ಎಳೆದ. ಆಮೇಲೆ ಮಾಸ್ಟರಿಗೆ ಹೊರಗೆ ಬಾ ಎಂದು ಸನ್ನೆ ಮಾಡಿದ.

ಗಂಡಸರಿಬ್ಬರೂ ಅಂಗಳದಲ್ಲಿ ಕೂತರು. ಇಬ್ಬರ ನಡುವೆ ಭಾಷೆಯೇ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಆತ ಎಂಜಿನ್ನಿನ ಒಂದೊಂದು ಭಾಗ ಎತ್ತಿ ತೋರಿಸಿದ. ಮಾಸ್ಟರು ಆತನ ಅಂಗಿಯ ಕಿತ್ತುಹೋದ ಗುಂಡಿ ತೋರಿಸಿದರು. ಆತ ಒಳಗಿನಿಂದ ಸೂಜಿದಾರ ಹುಡುಕಿ ತಂದು, ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲೇ ಕೂತ. ದಾರ ಪೋಣಿಸಲು ಹೋದಾಗ ಕನ್ನಡಕ ಒಳಗೇ ಉಳಿದದ್ದು ಮಾಸ್ಟರಿಗೆ ನೆನಪಾಯಿತು. ಎದ್ದು ಮೆಲ್ಲಗೆ ಒಳಗೆ ಹೋದರು.

ಹೆಂಡತಿ ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಒರಗಿ ಕೂತಿದ್ದಳು. ಆ ಭಾಷೆ ಮಾಸ್ಟರಿಗೂ ಅಷ್ಟಿಷ್ಟು ತಿಳಿಯುತ್ತಿತ್ತು; ಗಿರಾಕಿಗಳಿಂದ ಕಲಿತದ್ದು.

"ನಿಂಗೆ ಮಗಳು ಹುಟ್ಟಿದಾಗ ನಮ್ಮ ಸಾಲಿನವರೆಲ್ಲ ಚಪ್ಪಾಳೆ ತಟ್ಟಿದ್ವಿ" ಎನ್ನುತ್ತಿತ್ತು ಒಳಗಿನ ದನಿ. "ಯಾಕಂದ್ರೆ ಅದಕ್ಕೆ ಮೊದಲಿನದು ನಮಗೆ ಗೊತ್ತಿತ್ತಲ್ಲ. ಆ ರಾತ್ರಿ ನೀನು ಏನೂ ಹೇಳ್ಲೇ ಇಲ್ಲ. ಬರೀ ಅಳ್ತಿದ್ದೆ. ಮಗು ನಿಲ್ಲಲಿಲ್ಲ ಅಂತ ನಂಗೆ ಅರ್ಥ ಆಗೋಕೆ ಎಷ್ಟೋ ಹೊತ್ತು ಬೇಕಾಯ್ತು."

"ನೀನು ಏನೂ ಕೇಳ್ಲಿಲ್ಲ. ಲೈನ್ ಬಿಡಲೂ ಇಲ್ಲ. ಎಷ್ಟು ಕರೆ ಕಾಯ್ತಿದ್ವೋ ಏನೋ."

"ಕಾಯ್ಲಿ ಅಂದೆ."

"ಮನೇಲಿ ಅಳೋಕೇ ಆಗ್ಲಿಲ್ಲ ನಂಗೆ. ಅಲ್ಲಿ ಅತ್ತ ಮೇಲೇನೇ ಊಟ ಸೇರಿದ್ದು."

ಮಾಸ್ಟರು ಕನ್ನಡಕ ತೆಗೆದುಕೊಳ್ಳದೆ ಹಾಗೆಯೇ ಹಿಂದಕ್ಕೆ ಸರಿದರು.

ಆ ದಿನಗಳು ಅವರಿಗೆ ಚೆನ್ನಾಗಿ ನೆನಪಿದ್ದವು. ಆಸ್ಪತ್ರೆಯಿಂದ ಬಂದ ಕೆಲವೇ ದಿನಗಳಲ್ಲಿ ಅವಳು ತಲೆ ಬಾಚಿಕೊಂಡು ಡ್ಯೂಟಿಗೆ ಹೊರಟಿದ್ದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಗಟ್ಟಿಗಿತ್ತಿ ಎಂದು ಅವರು ಅಂಗಡಿಯಲ್ಲಿ ಎಲ್ಲರೆದುರು ಹೇಳಿಕೊಂಡಿದ್ದರು. ಅವಳೇ ಅಷ್ಟು ಗಟ್ಟಿಯಾಗಿರುವಾಗ ತಾನು ಎದುರಿಗೆ ಕಣ್ಣೀರು ಹಾಕುವುದು ಸರಿಯಲ್ಲ ಎಂದು ಮಷಿನ್ನಿನ ಮೇಲೆ ತಲೆ ಬಗ್ಗಿಸಿ ಹೊಲಿದದ್ದೇ ಹೊಲಿದದ್ದು. ಆ ತಿಂಗಳು ಊರಿನ ಯಾವ ಗಿರಾಕಿಗೂ ಬಟ್ಟೆ ತಡವಾಗಲಿಲ್ಲ. ಈಗ ಪರದೇಶದ ಅಂಗಳವೊಂದರಲ್ಲಿ, ಇನ್ನೊಬ್ಬರ ಅಂಗಿ ಮಡಿಲಲ್ಲಿಟ್ಟುಕೊಂಡು, ಅವರು ಸೂಜಿಯ ಕಣ್ಣಿಗೆ ಹಿಡಿದ ದಾರ ಮತ್ತೆ ಮತ್ತೆ ಪಕ್ಕಕ್ಕೇ ಹೋಗುತ್ತಿತ್ತು. ಎಂಜಿನ್ನಿನವನು ಸೂಜಿಗೆ ತಾನೇ ದಾರ ಪೋಣಿಸಿ ಕೊಟ್ಟ.

ಮಧ್ಯಾಹ್ನ ತಂಡದ ದೋಣಿ ಹೊರಡುವ ಹೊತ್ತಿಗೆ ಏಳನೇ ಲೈನು ಸೊಂಟದ ಮೇಲೆ ಕೈಯಿಟ್ಟು ಹಾದಿಗೆ ಅಡ್ಡ ನಿಂತಳು. ಈಗಷ್ಟೇ ಮಾತು ಶುರುವಾಗಿದೆ, ಕಳಿಸುವುದಿಲ್ಲ ಎಂದಳು. ಹೆಂಡತಿ ಗಂಡನ ಮುಖ ನೋಡಿದಳು. ಮಾಸ್ಟರೇ ಕೆಳಗಿಳಿದು ಹೋಗಿ, ತಾವು ನಂತರ ರಾಜಧಾನಿಯಲ್ಲಿ ಬಂದು ಸೇರುತ್ತೇವೆ ಎಂದು ಗೈಡಮ್ಮನನ್ನು ಒಪ್ಪಿಸಿ, ಪೆಟ್ಟಿಗೆಗಳನ್ನು ಇಳಿಸಿಕೊಂಡು ಬಂದರು. "ಇನ್ನೂ ಎರಡು ದ್ವೀಪ ಬಾಕಿ ಇದೆಯಲ್ಲ ಸಾರ್" ಎಂದು ಬ್ಯಾಂಕ್ ಮ್ಯಾನೇಜರು ಮರುಗಿದರು.

ಆ ಮನೆಯಲ್ಲಿ ಉಳಿದಷ್ಟು ದಿನವೂ ಹೆಂಗಸರ ಮಾತು ಗೋಡೆಯ ಆಚೆಗೂ ಈಚೆಗೂ ನಡೆಯಿತು. ಒಬ್ಬಳು ಬಟ್ಟೆ ಒಗೆಯುತ್ತಿದ್ದರೆ ಇನ್ನೊಬ್ಬಳು ಮೂಲೆಯ ಈ ಬದಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಬರಬರುತ್ತ ಎದುರುಬದುರು ಕೂತರೂ ಒಂದೊಂದು ಮಾತು ಬರತೊಡಗಿತು. ಎಂಜಿನ್ನು ಜೋಡಣೆಯಾಯಿತು. ಸಂಜೆ ಸಂಜೆ ನಾಲ್ವರೂ ದೀಪಸ್ತಂಭದ ಕಟ್ಟೆಯ ಮೇಲೆ ಸಾಲಾಗಿ ಕೂತು, ಬೇರೆ ದ್ವೀಪಗಳು ಒಂದೊಂದಾಗಿ ಬಣ್ಣ ಕಳೆದುಕೊಳ್ಳುವುದನ್ನು ನೋಡುತ್ತಿದ್ದರು.

ಹೊರಡುವ ದಿನ ಎಂಜಿನ್ನಿನವನೇ ತನ್ನ ದೋಣಿಯಲ್ಲಿ ಅವರನ್ನು ದೊಡ್ಡ ಹಡಗಿನ ಕಟ್ಟೆಗೆ ಮುಟ್ಟಿಸಿದ; ಏಳನೇ ಲೈನೂ ಜೊತೆಗೆ ಬಂದಳು. ಮಾಸ್ಟರು ಏಳನೇ ಲೈನಿನ ಎರಡೂ ಕೈ ಹಿಡಿದುಕೊಂಡು, ಆ ಭಾಷೆಯಲ್ಲಿ ತಮಗೆ ಗೊತ್ತಿದ್ದ ಮಾತುಗಳನ್ನೆಲ್ಲ ಕೂಡಿಸಿ, "ಲೈನು ಬಿಡದೇ ಇದ್ದದ್ದಕ್ಕೆ ತುಂಬಾ ಉಪಕಾರ" ಎಂದರು. ಆಕೆ ಹೆಂಡತಿಯತ್ತ ನೋಡಿದಳು. ಹೆಂಡತಿ ನೆಲ ನೋಡಿದಳು.

ಹಡಗಿನ ಮೇಲಂತಸ್ತಿನಲ್ಲಿ ಗಾಳಿಗೆ ಬೆನ್ನು ಕೊಟ್ಟ ಬೆಂಚೊಂದು ಸಿಕ್ಕಿತು. ಇಬ್ಬರೂ ಅಲ್ಲಿ ಕೂತು ದೀಪಸ್ತಂಭ ಕಣ್ಮರೆಯಾಗುವುದನ್ನು ನೋಡಿದರು.

"ಕೇಳಿಸ್ಕೊಂಡ್ರಾ ನೀವು?" ಎಂದಳು ಹೆಂಡತಿ.

"ಕನ್ನಡಕಕ್ಕೆ ಬಂದಿದ್ದೆ."

"ಬೇಜಾರಾಯ್ತಾ? ಅವಳ ಹತ್ತಿರ ಅತ್ತು ನಿಮ್ಮ ಹತ್ತಿರ ಅಳ್ಲಿಲ್ಲ ಅಂತ?"

"ಯಾಕೆ ಅಳ್ಲಿಲ್ಲ ಅಂತ ಯೋಚನೆ ಮಾಡ್ತಿದ್ದೆ."

ಅವಳು ನೀರಿನತ್ತ ಮುಖ ತಿರುಗಿಸಿ ಹೇಳಿದಳು: "ನೀವು ನನ್ನ ಮುಖಾನೇ ನೋಡ್ತಿದ್ರಿ ರೀ. ಬೆಳಗ್ಗೆ ಎದ್ರೆ ನೋಡೋದು, ಅಂಗಡಿಗೆ ಹೋಗೋವಾಗ ತಿರುಗಿ ನೋಡೋದು. ನಾನು ಅತ್ರೆ ನೀವು ಮುರಿದುಬೀಳ್ತೀರಿ ಅಂತ ಕಾಣ್ತಿತ್ತು. ಅವಳಿಗೆ ನನ್ನ ಮುಖ ಕಾಣ್ತಿರ್ಲಿಲ್ಲ, ಅದಕ್ಕೆ ಸಲೀಸಾಯ್ತು."

ಮಾಸ್ಟರು ತಿರುಗಿ ನೋಡಲು ಹೋದವರು ನೋಡಲಿಲ್ಲ. ತಾವೂ ಸಮುದ್ರದತ್ತಲೇ ಕಣ್ಣಿಟ್ಟು ಹೇಳಿದರು: "ಒಂದು ಸಣ್ಣ ಅಂಗಿ ಹೊಲಿದಿದ್ದೆ. ಬಿಳೀದು. ಮೆತ್ತಗಿನ ಮಲ್ ಬಟ್ಟೆ. ನಿಂಗೆ ಹೇಳಿರ್ಲಿಲ್ಲ, ಹೆರಿಗೆ ಆದಮೇಲೆ ಕೊಡೋಣ ಅಂತ ಅಂಗಡೀಲೇ ಇಟ್ಟಿದ್ದೆ."

"ಏನು ಮಾಡಿದ್ರಿ ಅದನ್ನ?"

"ಬಿಚ್ಚಿದೆ. ಹೊಲಿಗೆ ಒಂದೊಂದೇ ಬಿಚ್ಚಿದೆ. ನಮ್ಮ ಮಗಳಿಗೆ ಅಂತ ಆಮೇಲೆ ಅಷ್ಟೊಂದು ಹೊಲಿದ್ನಲ್ಲ, ಆಗೆಲ್ಲ ಮಲ್ ಬಟ್ಟೆ ಮುಟ್ಟಲೇ ಇಲ್ಲ."

ಹೆಂಡತಿಯ ಭುಜ ಅಲುಗುತ್ತಿರುವುದು ಅವರ ತೋಳಿಗೆ ತಿಳಿಯಿತು. ಅವರು ಸರಿದು ಕೂರಲಿಲ್ಲ, ಸಮಾಧಾನ ಮಾಡಲೂ ಹೋಗಲಿಲ್ಲ. ತಮ್ಮ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲಿಲ್ಲ. ಯಾರೋ ಪ್ರಯಾಣಿಕರು ಮುಂದೆ ಹಾದುಹೋದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕೈ ಉದ್ದದ್ದಾ, ಗಿಡ್ಡದ್ದಾ?" ಎಂದು ಕೇಳಿದಳು. "ಗಿಡ್ಡ" ಎಂದರು. "ಮುಂದೆ ಗುಂಡಿ ಇರ್ಲಿಲ್ಲ. ಚುಚ್ಚತ್ತೆ ಅಂತ ಲಾಡಿ ಇಟ್ಟಿದ್ದೆ." ಅಂದು ಹಡಗು ದಡ ಸೇರುವವರೆಗೂ ಅವಳ ಹೊಟ್ಟೆ ತೊಳಸಲಿಲ್ಲ, ತೊಳಸಿದ್ದರೂ ಅವಳು ಹೇಳಲಿಲ್ಲ.

ರಾಜಧಾನಿಯಲ್ಲಿ ತಂಡದವರು ಅರಮನೆ ನೋಡಲು ಹೊರಟಾಗ ಇವರಿಬ್ಬರೂ ಹೋಟೆಲಿನ ಮುಂದೆಯೇ ಟ್ರಾಮು ಹತ್ತಿದರು. ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ಕಿಟಕಿಯ ಪಕ್ಕದ ಜೋಡಿ ಸೀಟಿನಲ್ಲಿ ಕೂತು ಮಾತಿಗೆ ತೊಡಗಿದರು. ಮದುವೆಯಾದ ಹೊಸತರಲ್ಲಿ ಇದ್ದ ಒಂದೇ ಕೋಣೆಯ ಮನೆ, ಮೇಲಿನ ಮಹಡಿಯವರ ರೇಡಿಯೋ, ಒಂದು ಲೋಟ ಕಾಫಿಯನ್ನು ಇಬ್ಬರೂ ನಿಂತುಕೊಂಡೇ ಕುಡಿಯುತ್ತಿದ್ದ ಬೆಳಗುಗಳು. ಅವಳು ಪಾಳಿಯಲ್ಲಿದ್ದಾಗ ಅವರು ಒಬ್ಬರೇ ಏನು ಮಾಡುತ್ತಿದ್ದರು, ಅವರು ಅಂಗಡಿಯಲ್ಲಿದ್ದಾಗ ಅವಳು ಎಷ್ಟು ಹೊತ್ತು ನಿದ್ದೆ ಮಾಡುತ್ತಿದ್ದಳು. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಇಷ್ಟೊಂದು ಇದೆಯೆಂದು ಇಬ್ಬರಿಗೂ ಆಶ್ಚರ್ಯವಾಯಿತು. ಟ್ರಾಮು ಕೊನೆಯ ನಿಲ್ದಾಣ ತಲುಪಿದಾಗ ಚಾಲಕ ತಿರುಗಿ ನೋಡಿದ. ಅವರು ಇಳಿಯಲಿಲ್ಲ. ಆತ ಭುಜ ಕುಣಿಸಿ, ಟ್ರಾಮಿನ ಇನ್ನೊಂದು ತುದಿಗೆ ಹೋಗಿ ಕೂತು, ಅದನ್ನು ಬಂದ ದಾರಿಗೇ ಹೊರಡಿಸಿದ.

ಊರಿಗೆ ಬಂದ ಮೇಲೆ ಮಗಳು ಊಟದ ಮೇಜಿಗೆ ಕೈಯೂರಿ ಕೂತು ಎಲ್ಲವನ್ನೂ ಕೇಳಿದಳು. ಬಂದರು ನಗರದಲ್ಲಿ ಏನು ನೋಡಿದಿರಿ, ದ್ವೀಪ ಹೇಗಿತ್ತು, ಹವಳ ಕಂಡಿತಾ, ರಾಜಧಾನಿಯ ಅರಮನೆ ತುಂಬಾ ದೊಡ್ಡದಂತಲ್ಲ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಟ್ರಾಮು ಚೆನ್ನಾಗಿತ್ತು" ಎಂದರು ಮಾಸ್ಟರು.